ಕಾರ್ಟಿಯರ್ ಮನೆತನ ಮತ್ತು ಅರಮನೆಯ ಗಿರಾಕಿಗಳು

ಪ್ಯಾರಿಸ್ಸಿನ ಕಾರ್ಟಿಯರ್ ಒಡವೆ ಮಳಿಗೆ ಹುಟ್ಟಿದ್ದು 1847ರಲ್ಲಿ. ಲೂಯಿ ಫ್ರಾಂಸ್ವಾ ಕಾರ್ಟಿಯರ್ ತನಗೆ ಕಸುಬು ಕಲಿಸಿದ ಅಡಾಲ್ಫ್ ಪಿಕಾರ್‌ನ ಕಾರ್ಯಾಗಾರವನ್ನು ಆ ವರ್ಷ ವಹಿಸಿಕೊಂಡ. 1856ರಲ್ಲಿ ನೆಪೋಲಿಯನ್ನನ ತಮ್ಮನ ಮಗಳು ಮಟಿಲ್ಡ್ ಅಲ್ಲಿ ಒಡವೆ ಕೊಂಡಳು. ಮುಂದೆ ಸಾಮ್ರಾಜ್ಞಿ ಯೂಜೀನಿಯೂ ಗಿರಾಕಿಯಾದಳು. 1870ರಲ್ಲಿ ಫ್ರೆಂಚ್ ಸಾಮ್ರಾಜ್ಯವೇ ಉರುಳಿದಾಗ ಮಳಿಗೆ ಬೇರೆ ಅರಮನೆಗಳತ್ತ ನೋಡಬೇಕಾಯಿತು. 1874ರಲ್ಲಿ ಮಗ ಆಲ್ಫ್ರೆಡ್ ವ್ಯಾಪಾರ ವಹಿಸಿಕೊಂಡ. 1899ರಲ್ಲಿ ಮಳಿಗೆ ಸಿರಿವಂತರ ಬೀದಿಯಾದ ರೂ ದ ಲಾ ಪೇಗೆ ಬಂತು.

ವ್ಯಾಪಾರವನ್ನು ದೇಶದಾಚೆಗೆ ಒಯ್ದವರು ಆಲ್ಫ್ರೆಡ್‌ನ ಮೂವರು ಮಕ್ಕಳು. ಲೂಯಿ ಪ್ಯಾರಿಸ್ಸನ್ನು ನೋಡಿಕೊಂಡ, ಪಿಯರ್ 1909ರಲ್ಲಿ ನ್ಯೂಯಾರ್ಕ್ ಶಾಖೆ ತೆರೆದ, ಲಂಡನ್ ಶಾಖೆ ಜಾಕ್‌ನ ಪಾಲಿಗೆ ಬಂತು. 1904ರಲ್ಲಿ ಇಂಗ್ಲೆಂಡಿನ ಏಳನೆಯ ಎಡ್ವರ್ಡ್, 1907ರಲ್ಲಿ ರಷ್ಯಾದ ಎರಡನೆಯ ನಿಕೊಲಾಸ್ ಆಸ್ಥಾನ ಆಭರಣಕಾರರೆಂಬ ಮನ್ನಣೆ ಕೊಟ್ಟರು. ಇದರ ಹಿಂದೆ ಪ್ಲಾಟಿನಂನ ಪಾತ್ರ ದೊಡ್ಡದು. ಬೆಳ್ಳಿಯಲ್ಲಿ ವಜ್ರ ಕೂರಿಸಲು ದಪ್ಪ ಕಟ್ಟು ಬೇಕು, ಬೆಳ್ಳಿ ಕಪ್ಪಾಗುತ್ತದೆ ಕೂಡ. ಪ್ಲಾಟಿನಂ ತೆಳುವಾದರೂ ಗಟ್ಟಿ. ಹೀಗಾಗಿ ಹೂಬಳ್ಳಿಯಂಥ ಕಿರೀಟಗಳಲ್ಲಿ ಲೋಹ ಮರೆಯಾಗಿ ಹರಳಷ್ಟೇ ಕಾಣುವಂತಾಯಿತು.

1911ರಲ್ಲಿ ಐದನೆಯ ಜಾರ್ಜ್‌ನ ದೆಹಲಿ ದರ್ಬಾರಿನ ಸಮಯಕ್ಕೆ ಜಾಕ್ ಭಾರತಕ್ಕೆ ಬಂದ. ಯುರೋಪಿನಲ್ಲಿ ಭಾರಿ ಒಡವೆ ಹೆಂಗಸರ ಪಾಲು. ಇಲ್ಲಿ ಮೈತುಂಬ ಹೇರಿಕೊಳ್ಳುತ್ತಿದ್ದವರು ಮಹಾರಾಜರು. ಹರಳುಗಳು ಅವರ ಖಜಾನೆಯಲ್ಲೇ ಬೇಕಾದಷ್ಟಿದ್ದವು. ಅವನ್ನು ಪ್ಲಾಟಿನಂನಲ್ಲಿ ಹೊಸದಾಗಿ ಕಟ್ಟಿಸಿಕೊಳ್ಳುವ ಆಸೆ ಕಾರ್ಟಿಯರ್‌ಗೆ ಕೆಲಸ ತಂದಿತು.

ಪಟಿಯಾಲದ ಭೂಪಿಂದರ್ ಸಿಂಗ್ 1925ರಲ್ಲಿ ಒಪ್ಪಿಸಿದ ಹರಳುಗಳಿಂದ 1928ರಲ್ಲಿ ಎದೆ ಮುಚ್ಚುವಂಥ ಐದೆಳೆಯ ಕಂಠಹಾರ ಸಿದ್ಧವಾಯಿತು. ಅದರಲ್ಲಿ 2,930 ವಜ್ರಗಳಿದ್ದವು. ನಟ್ಟನಡುವೆ ಇದ್ದದ್ದು 234 ಕ್ಯಾರೆಟ್‌ಗೂ ಮೀರಿದ, ತಿಳಿಹಳದಿ ಬಣ್ಣದ ಡಿ ಬಿಯರ್ಸ್ ವಜ್ರ. ಕ್ರಿಕೆಟ್ಟಿನ ರಂಜಿ, ಅಂದರೆ ನವಾನಗರದ ರಣಜಿತ್‌ಸಿಂಹಜಿ, 1931ರಲ್ಲಿ 136 ಕ್ಯಾರೆಟ್ಟಿನ ‘ಕ್ವೀನ್ ಆಫ್ ಹಾಲೆಂಡ್’ ವಜ್ರದ ಹಾರ ಮಾಡಿಸಿದ.

ಕೊಡುಕೊಳ್ಳುವಿಕೆ ಒಮ್ಮುಖವಾಗಿರಲಿಲ್ಲ. ಎಲೆ, ಹೂವು, ಹಣ್ಣಿನಾಕಾರದಲ್ಲಿ ಕೊರೆದ ಭಾರತದ ಪಚ್ಚೆ, ಮಾಣಿಕ್ಯ, ನೀಲಗಳನ್ನು ಕಾರ್ಟಿಯರ್ ಕುಸುರಿಗಾರರು ವಜ್ರದ ನಡುವೆ ಕೂರಿಸಿದರು. 1920ರ ದಶಕದಲ್ಲಿ ಯುರೋಪನ್ನು ಮರುಳುಮಾಡಿದ ಈ ಶೈಲಿಗೆ ಮುಂದೆ ‘ತುತ್ತಿ ಫ್ರುತ್ತಿ’ ಎಂಬ ಹೆಸರು ನಿಂತಿತು.

1947ರಲ್ಲಿ ಕಲಬುರಗಿ, ರಾಯಚೂರು, ಬೀದರ್‌ಗಳನ್ನೂ ಆಳುತ್ತಿದ್ದ ಹೈದರಾಬಾದಿನ ನಿಜಾಮ, ರಾಜಕುಮಾರಿ ಎಲಿಜಬೆತ್‌ಳ ಮದುವೆಗೆ ಕಾರ್ಟಿಯರ್‌ನ ವಜ್ರದ ಹಾರವನ್ನೂ ಕಿರೀಟವನ್ನೂ ಉಡುಗೊರೆ ಕೊಟ್ಟ. ಅಷ್ಟರಲ್ಲಿ ಸಂಸ್ಥಾನಗಳ ಕಾಲ ಮುಗಿಯುತ್ತಿತ್ತು. ಪಟಿಯಾಲದ ಹಾರ 1948ರ ಸುಮಾರಿಗೆ ಖಜಾನೆಯಿಂದ ಕಾಣೆಯಾಯಿತು. ದೊಡ್ಡ ಹರಳುಗಳಿಲ್ಲದ ಅದರ ಒಂದು ಭಾಗ 1998ರಲ್ಲಿ ಲಂಡನ್ನಿನಲ್ಲಿ ಸಿಕ್ಕಿತು. ಕಾರ್ಟಿಯರ್ ಅದನ್ನು ಕೊಂಡು, ಬದಲಿ ಹರಳು ಕೂರಿಸಿ ಸರಿಪಡಿಸಿತು.

ಮನೆತನವೂ ಚದುರಿತು. ಜಾಕ್ 1941ರಲ್ಲಿ, ಲೂಯಿ 1942ರಲ್ಲಿ, ಪಿಯರ್ 1964ರಲ್ಲಿ ತೀರಿಕೊಂಡರು. ಶಾಖೆಗಳು ಒಂದೊಂದಾಗಿ ಮಾರಾಟವಾದವು. 1974ರಲ್ಲಿ ಜಾಕ್‌ನ ಮಗ ಲಂಡನ್ ಶಾಖೆಯನ್ನೂ ಮಾರಿದ ಮೇಲೆ ಮಳಿಗೆಯ ಒಡೆತನ ಸಂಪೂರ್ಣವಾಗಿ ಕುಟುಂಬದ ಕೈತಪ್ಪಿತು.