ಸೆಣಬಿನ ಗಿರಣಿಯಿಂದ ಕೋಡಿಂಗ್ ಕೋಣೆಗೆ

ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ 1882ರಿಂದ ಸೆಣಬಿನ ಗಿರಣಿ ನಡೆಯುತ್ತಿತ್ತು. 1951ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಅಲ್ಲಿನ ಕೈದಿಗಳ ದುಡಿಮೆಯಿಂದ ರೈತರಿಗೆ ಅಗ್ಗದ ಗೋಣಿಚೀಲ ಸಿಕ್ಕಿತು, ಆದರೆ ಆ ಲೆಕ್ಕದಲ್ಲಿ ಕೈದಿಯ ಮುಂದಿನ ಬದುಕು ಸೇರಿರಲಿಲ್ಲ. ಅದೇ ಜೈಲಿನಲ್ಲಿ 2014ರಲ್ಲಿ ‘ದಿ ಲಾಸ್ಟ್ ಮೈಲ್’ ಸಂಸ್ಥೆ ಕೋಡಿಂಗ್ ತರಗತಿ ತೆರೆಯಿತು, ಅದೂ ಇಂಟರ್ನೆಟ್ ಸಂಪರ್ಕವಿಲ್ಲದೆ! ಆಯಾ ಕಾಲದ ಯಂತ್ರ ಜೈಲಿನೊಳಗೆ ಬರುವುದು ಹೊಸತಲ್ಲ. ದುಡಿಮೆಯ ಫಲ ಯಾರಿಗೆ ಎಂಬುದೇ ನಿಜವಾದ ಪ್ರಶ್ನೆ.

ಪ್ರಾಮಾಣಿಕರ ಮಕ್ಕಳು ಸಾಲ ಮಾಡಿ ಓದುವಾಗ ಅಪರಾಧಿಗೇಕೆ ಪುಕ್ಕಟೆ ಪಾಠ ಎಂಬ ಆಕ್ಷೇಪ ಹಳೆಯದು. ಅಮೆರಿಕ 1994ರಲ್ಲಿ ಕೈದಿಗಳಿಗೆ ಸಿಗುತ್ತಿದ್ದ ಪೆಲ್ ಎಂಬ ಸರ್ಕಾರಿ ವಿದ್ಯಾರ್ಥಿವೇತನವನ್ನೇ ನಿಲ್ಲಿಸಿತು, ಮರಳಿ ಕೊಟ್ಟದ್ದು 2023ರಲ್ಲಿ. ಆದರೆ ಕೈದಿಗಳಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಹೊರಬರುವವರೇ. ಜೈಲಿನಲ್ಲಿ ಕಲಿತವರು ಮತ್ತೆ ಅಪರಾಧಕ್ಕೆ ಮರಳುವ ಸಂಭವ ಶೇ. 43ರಷ್ಟು ಕಡಿಮೆ ಎಂದು ರ‍್ಯಾಂಡ್ ಸಂಸ್ಥೆ 2013ರಲ್ಲಿ ಅಂದಾಜಿಸಿತು. ಬದಲಾಗಲು ಮನಸ್ಸಿದ್ದವರೇ ತರಗತಿಗೆ ಬರುತ್ತಾರೆ ಎಂಬ ಅನುಮಾನ ಪೂರ್ತಿ ತಪ್ಪಲ್ಲ. ಹಾಗೆಂದು ಮನಸ್ಸಿದ್ದವರಿಗೆ ಬಾಗಿಲು ಮುಚ್ಚಬೇಕೆ? ನನಗೆ ಹೆಚ್ಚು ತೂಕದ್ದೆನಿಸುವುದು ಇನ್ನೊಂದು ಆಕ್ಷೇಪ: ಕಲಿಕೆಯ ಹೆಸರಿನಲ್ಲಿ ಬರೀ ದುಡಿಸಿಕೊಳ್ಳಬಹುದು ಎಂಬುದು. ಫಿನ್‌ಲೆಂಡಿನಲ್ಲಿ 2019ರಲ್ಲಿ ಕೃತಕ ಬುದ್ಧಿಮತ್ತೆಗೆ ತರಬೇತಿ ಕೊಡಲು ಕೈದಿಗಳಿಂದ ಬರಹಗಳನ್ನು ವಿಂಗಡಿಸುವ ಕೆಲಸ ಮಾಡಿಸಲಾಯಿತು. ಅದು ಕಂಪ್ಯೂಟರ್ ಕೆಲಸ ಹೌದು, ಕಸುಬಿನ ಕಲಿಕೆ ಎನ್ನುವುದು ಕಷ್ಟ. ಸ್ಯಾನ್ ಕ್ವೆಂಟಿನ್ 2016ರಲ್ಲಿ ಬೇರೆ ದಾರಿ ಹಿಡಿಯಿತು: ಅಲ್ಲಿ ಕಲಿತವರು ಹೊರಗಿನ ಗಿರಾಕಿಗಳಿಗೆ ವೆಬ್‌ಸೈಟ್ ಕಟ್ಟಿ ಗಂಟೆಗೆ ಸುಮಾರು 17 ಡಾಲರ್ ಗಳಿಸತೊಡಗಿದರು.