ವೈಟ್ ದ್ವೀಪದ ಜೇನುಬೇನೆ: ಒಂದು ಕಾರಣವಿಚಾರ

ಘಟನೆಯೊಂದಕ್ಕೆ ಹೆಸರು ಮೊದಲು ಬಂದು ಕಾರಣವು ಆಮೇಲೆ ಬಂದರೆ, ಆ ಹೆಸರೇ ಕಾರಣವನ್ನು ತನ್ನ ಕಡೆಗೆ ಎಳೆದುಕೊಳ್ಳುವುದುಂಟು. ಕವಿಗಳ ದೇಶಕಾಲವಿಚಾರದಲ್ಲಿ ಇಂತಹ ತೊಡಕುಗಳು ವಿದ್ವಾಂಸರಿಗೆ ಅಪರಿಚಿತವಲ್ಲ. ಪ್ರಕೃತಿಶಾಸ್ತ್ರದ ಚರಿತ್ರೆಯಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಸೇರಿದ ವೈಟ್ ದ್ವೀಪದಲ್ಲಿ 1906ರಲ್ಲಿ ಕಾಣಿಸಿಕೊಂಡ ಜೇನುಬೇನೆಯು ಅವುಗಳಲ್ಲೊಂದು. ಆ ಬೇನೆಯ ಕಾರಣವನ್ನು ಕುರಿತು ಬೆಳೆದುಬಂದ ನಂಬಿಕೆಯನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಅಂದಿನ ವರದಿಗಳಿಂದ ರೋಗದ ಲಕ್ಷಣಗಳು ಸ್ಪಷ್ಟವಾಗಿ ತಿಳಿದುಬರುತ್ತವೆ. ನೊಣಗಳು ಹಾರುವ ಶಕ್ತಿಯನ್ನು ಕಳೆದುಕೊಂಡು ಪೆಟ್ಟಿಗೆಯ ಮುಂದೆ ಗುಂಪುಗುಂಪಾಗಿ ತೆವಳುತ್ತಿದ್ದುವು. ಹುಲ್ಲಿನ ಗರಿಗಳನ್ನು ಏರಿ ಕೆಳಕ್ಕೆ ಬೀಳುತ್ತಿದ್ದುವು. ಕೆಲವಕ್ಕೆ ಹೊಟ್ಟೆಯುಬ್ಬರ, ಕೆಲವಕ್ಕೆ ರೆಕ್ಕೆಗಳು ಕೀಲು ತಪ್ಪಿದಂತೆ ಅಸ್ತವ್ಯಸ್ತ. ಮುಂದಿನ ಹನ್ನೆರಡು ಹದಿಮೂರು ವರ್ಷಗಳಲ್ಲಿ ಇದೇ ಬಗೆಯ ನಾಶದ ಸುದ್ದಿಗಳು ಬ್ರಿಟನ್ನಿನ ಎಲ್ಲ ಭಾಗಗಳಿಂದಲೂ ಬರತೊಡಗಿದುವು. ಡೆವನ್ ಪ್ರಾಂತದ ಬಕ್‌ಫಾಸ್ಟ್ ಮಠದಲ್ಲಿದ್ದ 46 ಕುಟುಂಬಗಳಲ್ಲಿ 1916ರ ವೇಳೆಗೆ 30 ಅಳಿದುಹೋದುವು. ದೇಶದ ಜೇನುಕುಟುಂಬಗಳಲ್ಲಿ ನೂರಕ್ಕೆ 90ರಷ್ಟು ನಾಶವಾದುವೆಂಬ ಮಾತೂ ಹುಟ್ಟಿಕೊಂಡಿತು. ಆದರೆ ಒಂದು ಸಂಗತಿಯನ್ನು ಮರೆಯಲಾಗದು. 'ವೈಟ್ ದ್ವೀಪದ ರೋಗ' ಎಂಬ ಹೆಸರು ಒಮ್ಮೆ ರೂಢಿಗೆ ಬಂದ ಮೇಲೆ, ಹಸಿವಿನಿಂದ ಸತ್ತ ಕುಟುಂಬಕ್ಕೂ ರಾಣಿಯಿಲ್ಲದೆ ಕ್ಷೀಣಿಸಿದ ಕುಟುಂಬಕ್ಕೂ ಅದೇ ಹೆಸರನ್ನು ಅಂಟಿಸುವುದು ಸುಲಭವಾಯಿತು.

ಕಾರಣವನ್ನು ಹುಡುಕಹೊರಟವರಲ್ಲಿ ಮೊದಲಿಗರು ಇಮ್ಸ್ ಎಂಬುವರು. 1907ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದ ಇವರು, ಅದೇ ವರ್ಷ ಅಲಹಾಬಾದಿಗೆ ಪ್ರಾಧ್ಯಾಪಕರಾಗಿ ಬಂದು, ಆಮೇಲೆ ಡೆಹರಾಡೂನಿನಲ್ಲಿ ಅರಣ್ಯಕೀಟಗಳ ಪರಿಶೋಧನೆಯನ್ನು ನಡೆಸಿದರು. ಅವರ ಬಳಿಕ ಮಾಲ್ಡೆನ್ ಎಂಬುವರು ಒಂದು ಬ್ಯಾಕ್ಟೀರಿಯವನ್ನು ಸಂದೇಹಿಸಿದರು. 1912ರಲ್ಲಿ ಫ್ಯಾಂಥಮ್ ಮತ್ತು ಆನಿ ಪೋರ್ಟರ್ ಅವರು, ನೊಣದ ಕರುಳಿನಲ್ಲಿ ವಾಸಿಸುವ ನೊಸೀಮ ಎಂಬ ಸೂಕ್ಷ್ಮಜೀವಿಯೇ ಕಾರಣವೆಂದು ಪ್ರತಿಪಾದಿಸಿದರು. ಆದರೆ ರೋಗವಿದ್ದ ಕುಟುಂಬಗಳಲ್ಲಿ ನೊಸೀಮವಿಲ್ಲದಿರುವುದೂ, ನೊಸೀಮವಿದ್ದ ಕುಟುಂಬಗಳು ಆರೋಗ್ಯವಾಗಿರುವುದೂ ಕಂಡುಬಂದುದರಿಂದ ಆ ವಾದವು ನಿಲ್ಲಲಿಲ್ಲ.

ಹೀಗಿರಲಾಗಿ, ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ರೆನ್ನಿ, ಬ್ರೂಸ್ ವೈಟ್ ಮತ್ತು ಎಲ್ಸಿ ಹಾರ್ವಿ ಎಂಬ ಮೂವರು ನೊಣಗಳ ಉಸಿರುನಾಳಗಳಲ್ಲಿ ಒಂದು ಸೂಕ್ಷ್ಮವಾದ ನುಸಿಯನ್ನು ಕಂಡುಹಿಡಿದರು. ಅದನ್ನು ಮೊತ್ತಮೊದಲು ಕಂಡ ಕೀರ್ತಿಯು ಹಾರ್ವಿಯವರಿಗೆ ಸಲ್ಲುತ್ತದೆ. ಅವರ ಪ್ರಬಂಧಗಳು 1921ರಲ್ಲಿ ಎಡಿನ್‌ಬರೋ ರಾಯಲ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾದುವು. ಪರಿಶೋಧನೆಗೆ ಧನಸಹಾಯ ಮಾಡಿದ ವುಡ್ ಎಂಬ ಮಹನೀಯರ ಹೆಸರನ್ನೇ ನುಸಿಗೆ ಇಡಲಾಯಿತು; ಇಂದು ಅದು ಅಕರಾಪಿಸ್ ವುಡಿ ಎಂದು ಪ್ರಸಿದ್ಧವಾಗಿದೆ. ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಉದ್ದವಿರದ ಈ ಜೀವಿಯು ಎಳೆಯ ನೊಣದ ಎದೆಯಲ್ಲಿರುವ ಮೊದಲ ಉಸಿರುರಂಧ್ರದ ಮೂಲಕ ಒಳಹೊಕ್ಕು, ನಾಳದ ಗೋಡೆಯನ್ನು ಚುಚ್ಚಿ ನೊಣದ ರಸವನ್ನು ಹೀರುತ್ತದೆ. ಅಲ್ಲಿಯೇ ಮೊಟ್ಟೆಯಿಟ್ಟು ಸಂತಾನವನ್ನು ಬೆಳೆಸುತ್ತದೆ. ಬಿಳುಪಾಗಿರಬೇಕಾದ ನಾಳವು ಕ್ರಮೇಣ ಕಂದಿ ಕಪ್ಪಾಗುತ್ತದೆ.

ಕಣ್ಣಿಗೆ ಕಾಣುವ ಇಂತಹ ಸಾಕ್ಷಿ ದೊರೆತ ಮೇಲೆ ವಿಚಾರವು ಮುಗಿಯಿತೆಂದೇ ಎಲ್ಲರೂ ಭಾವಿಸಿದರು. ಅಮೆರಿಕ ಸಂಯುಕ್ತ ಸಂಸ್ಥಾನವು 1922ರಲ್ಲಿ ಹೊರನಾಡಿನ ಜೇನುನೊಣಗಳ ಆಮದನ್ನು ಶಾಸನದಿಂದ ತಡೆಯಿತು. ಜೇನುಸಾಕಣೆಯ ಪುಸ್ತಕಗಳು ಒಂದನ್ನು ನೋಡಿ ಒಂದು ಇದೇ ಕಥೆಯನ್ನು ಬರೆದುಕೊಂಡುವು. ಒಂದೇ ಮೂಲಪ್ರತಿಯಿಂದ ಹತ್ತು ಓಲೆಗಳು ನಕಲಾದರೆ ಹತ್ತು ಸಾಕ್ಷಿಗಳಾಗುವುದಿಲ್ಲವೆಂಬುದನ್ನು ಗ್ರಂಥಸಂಪಾದಕರಿಗೆ ಹೇಳಬೇಕಾಗಿಲ್ಲ.

ಈ ಕಥೆಯನ್ನು ಮೊದಲಿಂದ ಪರೀಕ್ಷಿಸಿದವರು ರೋಥಮ್‌ಸ್ಟೆಡ್ ಸಂಶೋಧನಾಲಯದ ಲೆಸ್ಲಿ ಬೇಲಿ. 1964ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಇದನ್ನು ಒಂದು ಕಟ್ಟುಕಥೆಯೆಂದೇ ಕರೆದರು. ನಮ್ಮ ತಾರ್ಕಿಕರ ಅನ್ವಯವ್ಯತಿರೇಕಗಳನ್ನು ಇಲ್ಲಿ ಹಚ್ಚಿ ನೋಡಬಹುದು. ನುಸಿಯಿದ್ದಲ್ಲಿ ರೋಗವಿತ್ತೇ? ನುಸಿಯಿಂದ ಪೀಡಿತವಾದ ಅನೇಕ ನೊಣಗಳು ಎಂದಿನಂತೆ ಹಾರಿ ಮೇವನ್ನು ತರುತ್ತಿದ್ದುವು. ಅವುಗಳ ಆಯುಸ್ಸು ಸ್ವಲ್ಪ ಕುಗ್ಗುತ್ತಿತ್ತು, ಅಷ್ಟೆ. ನುಸಿಯಿಲ್ಲದಲ್ಲಿ ರೋಗವಿರಲಿಲ್ಲವೇ? ನುಸಿಯಿಲ್ಲದ ನೊಣಗಳೂ ಅದೇ ರೀತಿಯಲ್ಲಿ ತೆವಳಿ ಸಾಯಬಲ್ಲವೆಂಬುದು ಸಿದ್ಧವಾಯಿತು. 1963ರಲ್ಲಿ ಬೇಲಿಯವರೂ ಅವರ ಸಹೋದ್ಯೋಗಿಗಳೂ ಪ್ರತ್ಯೇಕಿಸಿದ ದೀರ್ಘ ಪಾರ್ಶ್ವವಾಯುವಿನ ವೈರಸ್ಸು, ತೆವಳುವಿಕೆ, ಹೊಟ್ಟೆಯುಬ್ಬರ, ರೆಕ್ಕೆಗಳ ವಿಕಾರ ಎಂಬ ಹಳೆಯ ಲಕ್ಷಣಗಳನ್ನೇ ಉಂಟುಮಾಡುತ್ತಿತ್ತು. ಇದರ ಜತೆಗೆ ಕೆಟ್ಟ ಹವೆಯನ್ನೂ, ಮೇವಿಗೆ ಮೀರಿದ ಕುಟುಂಬಗಳ ಸಂಖ್ಯೆಯನ್ನೂ ಅವರು ಗಣಿಸಿದರು. ಮಣ್ಣು ಹೊತ್ತ ಕತ್ತೆಯು ಗಡಿಗೆ ಮಾಡುವಲ್ಲಿ ಹಾಜರಿದ್ದರೂ ಗಡಿಗೆಗೆ ಕಾರಣವಲ್ಲವೆಂದು ತರ್ಕಶಾಸ್ತ್ರವು ಹೇಳುತ್ತದೆ. 1906ರ ನಾಶದ ವಿಷಯದಲ್ಲಿ ನುಸಿಯ ಸ್ಥಾನವು ಬಹುಮಟ್ಟಿಗೆ ಅದೇ ಎಂದು ತೋರುತ್ತದೆ.

ಹಾಗೆಂದು ನುಸಿಯು ನಿರಪರಾಧಿಯೆಂದು ತೀರ್ಮಾನಿಸಲಾಗದು. ಕುಟುಂಬದ ಬಹುಪಾಲು ನೊಣಗಳಿಗೆ ಅದು ತಗುಲಿದ್ದರೆ ಚಳಿಗಾಲದ ಕೊನೆಯಲ್ಲಿ ಆ ಕುಟುಂಬವು ಅಳಿಯುವ ಸಂಭವವು ಹೆಚ್ಚು. 1984ರಲ್ಲಿ ಅದು ಅಮೆರಿಕವನ್ನು ಹೊಕ್ಕ ಮೇಲೆ ಅಲ್ಲಿ ಉಂಟಾದ ನಷ್ಟವು ಸುಳ್ಳಲ್ಲ. ನಮ್ಮ ತುಡುವೆ ಜೇನಿನ ಸಹಜ ಪರಾವಲಂಬಿಗಳ ಕುಲಕ್ಕೆ ಸೇರಿ, 1992ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ವರೋವಾ ಎಂಬ ಬೇರೆ ನುಸಿಯ ವಿಷಯದಲ್ಲಂತೂ ಅನ್ವಯವ್ಯತಿರೇಕಗಳೆರಡೂ ಕೂಡಿಬರುತ್ತವೆ: ಅದನ್ನು ಹತೋಟಿಯಲ್ಲಿಟ್ಟರೆ ಯೂರೋಪಿನ ಜೇನುಕುಟುಂಬವು ಬದುಕುತ್ತದೆ, ಬಿಟ್ಟರೆ, ಅದು ಹರಡುವ ವೈರಸ್ಸುಗಳೊಡನೆ ಸೇರಿ, ಕೆಲವೇ ವರ್ಷಗಳಲ್ಲಿ ಕುಟುಂಬವನ್ನು ಕೊಲ್ಲುವುದೇ ಹೆಚ್ಚು. ಪ್ರತಿಯೊಂದು ಆರೋಪವನ್ನೂ ಅದರದರ ಸಾಕ್ಷಿಯಿಂದಲೇ ತೂಗಬೇಕಾಗಿರುವುದು.

ತಪ್ಪು ಕಾರಣದಿಂದ ಆದ ನಷ್ಟವೇನೆಂದು ಕೇಳಬಹುದು. ಬ್ರಿಟನ್ನಿನ ಹಳೆಯ ಕಪ್ಪು ಜೇನಿನ ತಳಿಯು ಈ ರೋಗದಿಂದ ನಿರ್ನಾಮವಾಯಿತೆಂಬ ನಂಬಿಕೆಯು ಕಥೆಯ ಜತೆಯಲ್ಲೇ ಬೇರೂರಿತು. ಹಾಲೆಂಡ್, ಇಟಲಿಗಳಿಂದ ನೊಣಗಳನ್ನು ತರಿಸಲಾಯಿತು. ಇಲ್ಲದುದನ್ನು ಕಾಪಾಡುವ ಯೋಚನೆಯು ಹೆಚ್ಚಿನವರಿಗೆ ಹೊಳೆಯಲೇ ಇಲ್ಲ. ಈಚಿನ ಆನುವಂಶಿಕ ಪರೀಕ್ಷೆಗಳಿಂದ ಆ ತಳಿಯ ಸಂತತಿಯು ಬ್ರಿಟನ್ನಿನಲ್ಲಿ ಇನ್ನೂ ಉಳಿದಿದೆಯೆಂದು ತಿಳಿದುಬಂದಿದೆ. ಸತ್ತುದೆಂದು ಬರೆಯಲ್ಪಟ್ಟುದು ದಶಕಗಳ ಕಾಲ ಯಾರ ಲೆಕ್ಕಕ್ಕೂ ಸೇರದೆ ಬದುಕಿತ್ತು. ಚರಿತ್ರಕಾರನು ಕಾರಣವನ್ನು ನಿರ್ಣಯಿಸುವಾಗ ತೋರಬೇಕಾದ ಎಚ್ಚರಿಕೆಗೆ ಇದಕ್ಕಿಂತ ಬೇರೆ ಸಮರ್ಥನೆಯು ಬೇಕಾಗಿಲ್ಲ.