ಒಣಗಿದ್ದಲ್ಲ, ಬಣ್ಣ ಬದಲಿಸಿದ್ದು



ಕಳೆದ ಜನವರಿಯ ಮಾತು. ದೆಹಲಿಯ ಚಳಿ ನಿಮಗೆ ಗೊತ್ತೇ ಇದೆ. ಬೆಳಗಿನ ಪಾಳಿಗೆ ಸ್ಟುಡಿಯೋ ಕಡೆ ಹೊರಟವಳು ಬಾಲ್ಕನಿಯತ್ತ ಕಣ್ಣು ಹಾಯಿಸಿದರೆ, ನನ್ನ ಪ್ರೀತಿಯ ಮೋರ್‌ಪಂಖಿ ಗಿಡ ಹಸಿರು ಕಳೆದುಕೊಂಡು ಕಂದು ಕಂದಾಗಿ ನಿಂತಿತ್ತು. "ಅಯ್ಯೋ, ಇದರ ಕಥೆ ಮುಗಿಯಿತು" ಅಂದುಕೊಂಡು ಕುಂಡವನ್ನು ಎತ್ತಿ ಮೆಟ್ಟಿಲ ಪಕ್ಕ ಇಟ್ಟೆ. ಕಸ ಒಯ್ಯುವವರು ಕುಂಡ ಭಾರವೆಂದು ಅಲ್ಲೇ ಬಿಟ್ಟುಹೋದರು. ನಾನೂ ಮರೆತೆ. ಹೋಳಿ ಹಬ್ಬದ ಹೊತ್ತಿಗೆ ನೋಡುತ್ತೇನೆ, ಗಿಡ ಹಸಿರಾಗಿ ನಗುತ್ತಿದೆ! ನಾಚಿಕೆಯಿಂದಲೇ ಒಳಗೆ ತಂದಿಟ್ಟುಕೊಂಡೆ. ಆಮೇಲೆ ಅದರ ಕುಲಗೋತ್ರ ಹುಡುಕುತ್ತಾ ಓದಿದ್ದನ್ನು ಈ ಸಂಚಿಕೆಯಲ್ಲಿ ನಿಮ್ಮ ಜೊತೆ ಹಂಚಿಕೊಳ್ಳೋಣ ಅನ್ನಿಸಿತು.

ಮೋರ್‌ಪಂಖಿ ನಿಮಗೆಲ್ಲ ಪರಿಚಯದ ಗಿಡವೇ. ಪುಣೆಯ ಸೊಸೈಟಿ ಗೇಟಿನಲ್ಲಿ, ಹೈದರಾಬಾದಿನ ನರ್ಸರಿಯಲ್ಲಿ, ಇಲ್ಲಿ ದೆಹಲಿಯ ಪಾರ್ಕುಗಳಲ್ಲಿ ನವಿಲುಗರಿಯ ಹಾಗೆ ಎಲೆ ಬಿಚ್ಚಿಕೊಂಡು ನಿಂತಿರುತ್ತದೆ. ಉತ್ತರದ ಕಡೆ ಇದಕ್ಕೆ ವಿದ್ಯಾ ಗಿಡ ಎಂದೂ ಹೆಸರು. ಮಕ್ಕಳು ಇದರ ಎಲೆಯನ್ನು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾರೆ. ನಾವು ಊರಲ್ಲಿ ನವಿಲುಗರಿ ಇಟ್ಟು, ಅದು ಮರಿ ಹಾಕುತ್ತದೆ ಎಂದು ಕಾಯುತ್ತಿದ್ದೆವಲ್ಲ, ಹಾಗೆ! ಸಸ್ಯವಿಜ್ಞಾನಿಗಳು ಇದನ್ನು ಹಿಂದೆ ಬಯೋಟಾ ಓರಿಯೆಂಟಾಲಿಸ್ ಎಂದು ಕರೆಯುತ್ತಿದ್ದರು. ಈಗಿನ ಹೆಸರು ಪ್ಲಾಟಿಕ್ಲೇಡಸ್ ಓರಿಯೆಂಟಾಲಿಸ್. ಪೈನ್, ದೇವದಾರು, ಸೈಪ್ರೆಸ್‌ಗಳಿರುವ ಶಂಕುಧಾರಿ ಮರಗಳ ಬಳಗಕ್ಕೆ ಸೇರಿದ್ದು.

ಈ ಬಯೋಟಾಗೆ ರಷ್ಯಾದ ಮೂಲೆಯಲ್ಲಿ ಒಬ್ಬ ಕುಳ್ಳ ದಾಯಾದಿ ಇದ್ದಾನೆ. ಹೆಸರು ಮೈಕ್ರೋಬಯೋಟಾ, ಅಂದರೆ ಪುಟ್ಟ ಬಯೋಟಾ. ಈಗ ಡಾಕ್ಟರುಗಳು ಇದೇ ಪದವನ್ನು ನಮ್ಮ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಸಮೂಹಕ್ಕೆ ಬಳಸುತ್ತಾರೆ, ಗೊಂದಲ ಬೇಡ. ನಾನು ಹೇಳುತ್ತಿರುವುದು ಗಿಡದ ವಿಷಯ. ಮೊಣಕಾಲೆತ್ತರವೂ ಬೆಳೆಯದ, ಆದರೆ ಎರಡು ಮೂರು ಮೀಟರು ಅಗಲಕ್ಕೆ ನೆಲದ ಮೇಲೆ ಕಂಬಳಿಯಂತೆ ಹರಡಿಕೊಳ್ಳುವ ಗಿಡ. ಬೇಸಿಗೆಯಲ್ಲಿ ತಿಳಿಹಸಿರು, ಚಳಿಗಾಲದಲ್ಲಿ ನೇರಳೆ ಬೆರೆತ ಕಂದು.

ಇದು ಸಿಕ್ಕಿದ ಕಾಲವೇ ಒಂದು ಕಥೆ. 1921ನೇ ಇಸವಿ. ಜಾಗ ವ್ಲಾದಿವೊಸ್ತೋಕ್ ಬಳಿಯ ಸಿಖೋತೆ ಅಲಿನ್ ಪರ್ವತಶ್ರೇಣಿ. ರಷ್ಯಾದಲ್ಲಿ ಕ್ರಾಂತಿಯಾಗಿ ನಾಲ್ಕು ವರ್ಷ ಕಳೆದಿದ್ದರೂ ಪೂರ್ವದ ಈ ತುದಿಯಲ್ಲಿ ಅಂತರ್ಯುದ್ಧ ಮುಗಿದಿರಲಿಲ್ಲ. 1918ರಲ್ಲಿ ಬಂದಿಳಿದ ಜಪಾನೀ ಸೈನ್ಯ ಇನ್ನೂ ಅಲ್ಲೇ ಬೀಡುಬಿಟ್ಟಿತ್ತು. 1921ರ ಮೇ ತಿಂಗಳಲ್ಲಿ ವ್ಲಾದಿವೊಸ್ತೋಕಿನ ಅಧಿಕಾರ ಬೊಲ್ಷೆವಿಕರ ವಿರೋಧಿಗಳ ಕೈಗೆ ಹೋಯಿತು. ಕೆಂಪು ಸೇನೆ ಆ ನಗರವನ್ನು ಪ್ರವೇಶಿಸಿದ್ದು 1922ರ ಅಕ್ಟೋಬರ್ 25ರಂದು. ಇಂಥ ಗದ್ದಲದ ನಡುವೆಯೇ ಶಿಶ್ಕಿನ್ ಎಂಬ ಸಸ್ಯಶಾಸ್ತ್ರಜ್ಞ ಬೆಟ್ಟದ ಕಲ್ಲು ಇಳಿಜಾರಿನಲ್ಲಿ ಹರಡಿದ್ದ ಈ ಗಿಡವನ್ನು ಗುರುತಿಸಿದ. ಬಂದೂಕಿನ ಸದ್ದಿನ ಕಾಲದಲ್ಲೂ ಒಬ್ಬ ಮನುಷ್ಯ ಬಗ್ಗಿ ಗಿಡ ನೋಡುತ್ತಿದ್ದ ಎಂದರೆ ನನಗೆ ಯಾಕೋ ಸಮಾಧಾನವಾಗುತ್ತದೆ.

ಅದಕ್ಕೆ ಹೆಸರಿಟ್ಟದ್ದು 1923ರಲ್ಲಿ, ವ್ಲಾದಿಮಿರ್ ಕೊಮರೋವ್. ಈತ ಸಾಮಾನ್ಯ ವ್ಯಕ್ತಿಯಲ್ಲ. 1869ರಲ್ಲಿ ಹುಟ್ಟಿದವನು, ಹರೆಯದಲ್ಲೇ ಅಮೂರ್, ಮಂಚೂರಿಯಾ, ಕೊರಿಯಾಗಳನ್ನು ಸುತ್ತಿ ಅಲ್ಲಿನ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥ ಬರೆದವನು. ಮುಂದೆ 1936ರಿಂದ 1945ರವರೆಗೆ ಸೋವಿಯತ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷನಾಗಿದ್ದ. ಅವನ ಕೈಗೆ ಬಂದ ಈ ಗಿಡ ಗೊತ್ತಿದ್ದ ಯಾವ ಕುಲಕ್ಕೂ ಹೊಂದಲಿಲ್ಲ. ಕಾಯಿ ಬರೀ ಐದಾರು ಮಿಲಿಮೀಟರು, ಒಳಗೆ ಒಂದೇ ಒಂದು ಬೀಜ. ಹೀಗಾಗಿ ಹೊಸ ಕುಲವನ್ನೇ ಮಾಡಿ ಮೈಕ್ರೋಬಯೋಟಾ ಡೆಕುಸ್ಸಾಟಾ ಎಂದ. ಎಲೆಗಳು ಜೋಡಿ ಜೋಡಿಯಾಗಿ, ಒಂದು ಜೋಡಿಗೆ ಇನ್ನೊಂದು ಅಡ್ಡವಾಗಿ ಕೂತಿರುವುದಕ್ಕೆ ಆ ಎರಡನೇ ಪದ. ಇಂದಿಗೂ ಆ ಕುಲದಲ್ಲಿರುವುದು ಈ ಒಂದೇ ಜಾತಿ. ಒಂಟಿ ಮನೆತನ!

ಸಿಖೋತೆ ಅಲಿನ್ ಎಂದರೆ ಹಳೆಯ ಸಿನಿಮಾ ಪ್ರಿಯರಿಗೆ ಇನ್ನೊಂದು ನೆನಪು ಬರಬಹುದು. ಅಕಿರಾ ಕುರೊಸಾವಾ 1975ರಲ್ಲಿ ಮಾಡಿದ, ಆಸ್ಕರ್ ಗೆದ್ದ 'ದೆರ್ಸು ಉಜಾಲಾ' ಚಿತ್ರದ ಕಾಡು ಇದೇ. ಅದರ ಮೂಲ, ಪರಿಶೋಧಕ ಆರ್ಸೆನ್ಯೆವ್ ಬರೆದ ಪುಸ್ತಕಗಳು. ಒಂದು ಬಂದದ್ದು 1921ರಲ್ಲಿ, ಇನ್ನೊಂದು 1923ರಲ್ಲಿ. ಗಿಡ ಸಿಕ್ಕ ವರ್ಷ, ಗಿಡಕ್ಕೆ ಹೆಸರು ಬಿದ್ದ ವರ್ಷ! ಕಾಕತಾಳೀಯ ಎಂದರೆ ಇದೇ ಇರಬೇಕು.

ಆದರೆ ದೆರ್ಸುವಿನ ಕಥೆ ಹರಡಿದ ಹಾಗೆ ಗಿಡ ಹರಡಲಿಲ್ಲ. ಹೋಲಿಕೆಗೆ ಅಮೆರಿಕದ ಒಂದು ಗಿಡ ನೋಡಿ. ಅಲ್ಲಿಯೂ ನೆಲದ ಮೇಲೆ ತೆವಳುವ ಜೂನಿಪರ್ ಇದೆ, ಚಳಿಗಾಲದಲ್ಲಿ ಅದೂ ನೇರಳೆಯಾಗುತ್ತದೆ. ಅದರ ಒಂದು ಚೆಂದದ ತಳಿಯನ್ನು ಫಿಲಡೆಲ್ಫಿಯಾದ ಆಂಡೋರಾ ನರ್ಸರಿ 1907ರಲ್ಲೇ ಮಾರುಕಟ್ಟೆಗೆ ತಂದಿತು. ಆಂಡೋರಾ ಜೂನಿಪರ್ ಎಂಬ ಹೆಸರಿನಲ್ಲಿ ಅದು ಮನೆ ಮನೆಯ ಅಂಗಳ ಸೇರಿತು. ನಮ್ಮ ರಷ್ಯನ್ ಕುಳ್ಳನ ಹಣೆಬರಹ ಬೇರೆ. ಅವನು ಹುಟ್ಟಿದ ಸೀಮೆ ಸೋವಿಯತ್ ನೌಕಾಪಡೆಯ ನೆಲೆ. ವ್ಲಾದಿವೊಸ್ತೋಕ್ ವಿದೇಶಿಯರಿಗೆ ಮುಚ್ಚಿದ ನಗರವಾಯಿತು. ಅದರ ಬಾಗಿಲು ಮತ್ತೆ ತೆರೆದದ್ದು 1992ರಲ್ಲಿ. ಪಾಶ್ಚಾತ್ಯ ದೇಶಗಳ ನರ್ಸರಿಗಳಲ್ಲಿ ಈ ಗಿಡ ಸಲೀಸಾಗಿ ಸಿಗತೊಡಗುವ ಹೊತ್ತಿಗೆ, ಹೆಸರಿಟ್ಟು ಅರ್ಧ ಶತಮಾನ ಕಳೆದಿತ್ತು.

ಅಷ್ಟು ದೂರ ಹೋದ ಮೇಲೆ ಏನಾಯಿತು ಗೊತ್ತೇ? ನನ್ನ ಮೋರ್‌ಪಂಖಿಗೆ ಆದದ್ದೇ! ಚಳಿಗಾಲ ಬಂದಿತು, ಗಿಡ ಕಂದಾಯಿತು, ಜನ ಸತ್ತಿತೆಂದು ಕಿತ್ತರು. ಇಂದಿಗೂ ತೋಟಗಾರಿಕೆಯ ಪುಸ್ತಕಗಳು ಈ ಗಿಡವನ್ನು ಪರಿಚಯಿಸುವಾಗ, "ಚಳಿಯಲ್ಲಿ ಕಂದಾದರೆ ಗಾಬರಿಯಾಗಬೇಡಿ" ಎಂದು ಎಚ್ಚರಿಸುವುದು ವಾಡಿಕೆ.

ಬಿ.ಎ.ಯಲ್ಲಿ ಕನ್ನಡ ಓದಿದ ನನಗೆ 'ನಿತ್ಯಹರಿದ್ವರ್ಣ' ಎಂಬ ಪದದ ಮೇಲೆ ಬಹಳ ಮೋಹ. ಎಂದೆಂದೂ ಹಸಿರು ಬಣ್ಣದ್ದು. ಈ ಗಿಡ ಆ ಪದವನ್ನೇ ಪರೀಕ್ಷೆಗೆ ಒಡ್ಡುತ್ತದೆ. ಎಲೆ ಉದುರಿಸುವುದಿಲ್ಲ, ಹಾಗಾಗಿ ನಿತ್ಯ. ಆದರೆ ಚಳಿಗಾಲದಲ್ಲಿ ಹರಿದ್ವರ್ಣ ಅಲ್ಲ!

ಯಾಕೆ ಹೀಗೆ? ಕಾರಣ ಸರಳ. ಕಡು ಚಳಿಯಲ್ಲಿ ಎಲೆಯ ಅಡುಗೆಮನೆ ಬಹುಮಟ್ಟಿಗೆ ಮುಚ್ಚಿರುತ್ತದೆ, ಆದರೆ ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಬೆಳಕು ಎಲೆಯನ್ನೇ ಹಾಳುಮಾಡಬಹುದು. ಆಗ ಈ ಬಳಗದ ಹಲವು ಗಿಡಗಳು ಕೆಂಪು, ಕಂದು ವರ್ಣದ್ರವ್ಯಗಳನ್ನು ತುಂಬಿಕೊಂಡು ಬೆಳಕಿಗೆ ಪರದೆ ಕಟ್ಟುತ್ತವೆ. ನಾವು ಬಿಸಿಲಿಗೆ ಛತ್ರಿ ಹಿಡಿದ ಹಾಗೆ. ಅದಕ್ಕೇ ಬಿಸಿಲಿಗೆ ಮೈಯೊಡ್ಡಿದ ರೆಂಬೆ ಹೆಚ್ಚು ಕಂದು, ನೆರಳಿನ ರೆಂಬೆ ಕಡಿಮೆ. ವಸಂತ ಬಂದು ಬಿಸಿ ಏರಿದರೆ ಪರದೆ ಸರಿಯುತ್ತದೆ, ಹಸಿರು ಮರಳುತ್ತದೆ. ಅಂದರೆ, ನಾವು ಸಾವು ಎಂದು ತಿಳಿದದ್ದು ಗಿಡ ಬದುಕಲು ಮಾಡಿಕೊಂಡ ಏರ್ಪಾಡು.

ಬೆಳೆಸುವ ಕ್ರಮ ಕಷ್ಟದ್ದಲ್ಲ, ಆದರೆ ಹವೆ ಒದಗಬೇಕು. ಸೊನ್ನೆಗಿಂತ 35 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ. ಜೂನಿಪರ್‌ಗೆ ಪೂರ್ತಿ ಬಿಸಿಲು ಬೇಕು, ಇದಕ್ಕೆ ಅರೆನೆರಳೂ ಸಾಕು. ನೀರು ನಿಲ್ಲುವ ಮಣ್ಣು ಮಾತ್ರ ಕೂಡದು. ಬೀಜ ಸಿಗುವುದು ಕಡಿಮೆಯಾದ್ದರಿಂದ ಸಾಮಾನ್ಯವಾಗಿ ರೆಂಬೆ ಕತ್ತರಿಸಿ ಬೇರು ಬರಿಸುತ್ತಾರೆ. ಇಳಿಜಾರಿನಲ್ಲಿ ಗುಂಪಾಗಿ ನೆಟ್ಟರೆ ಕತ್ತರಿ ಹಾಕುವ ಗೋಜಿಲ್ಲದೆ ತಾನೇ ನೆಲ ಮುಚ್ಚುತ್ತದೆ.

ಮುಂಬೈ, ಚೆನ್ನೈ ಮಿತ್ರರೆ, ದಯವಿಟ್ಟು ಇದನ್ನು ಹುಡುಕಿಕೊಂಡು ಹೋಗಬೇಡಿ. ನಿಮ್ಮ ಸೆಕೆ, ನಮ್ಮ ದೆಹಲಿಯ ಮೇ ತಿಂಗಳು ಎರಡೂ ಅದಕ್ಕೆ ಆಗಿಬರುವುದಿಲ್ಲ. ರಜೆಯಲ್ಲಿ ಹಿಮಾಚಲ, ಉತ್ತರಾಖಂಡದ ಕಡೆ ಹೋದಾಗ, ಮರಗಳು ಮುಗಿಯುವ ಎತ್ತರದಲ್ಲಿ ನೆಲಕ್ಕೊರಗಿದ ಜೂನಿಪರ್ ಪೊದೆಗಳು ಕಂಡರೆ ಒಂದು ಕ್ಷಣ ನಿಂತು ನೋಡಿ. ಗಾಳಿ, ಹಿಮದ ಮುಂದೆ ತಗ್ಗಿ ನಡೆದು ಬಾಳುವ ವಿದ್ಯೆ ಅವುಗಳಿಗೂ ಗೊತ್ತು.

ಮನೆಯ ಮೋರ್‌ಪಂಖಿ ಜನವರಿಯಲ್ಲಿ ಮಂಕಾದರೆ ನನ್ನಂತೆ ಅವಸರ ಪಡಬೇಡಿ. ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಆಗ ನೀರು ಮಿತವಾಗಿ ಹಾಕಿ, ಹೋಳಿಯವರೆಗೆ ಕಾಯಿರಿ.

ಊರು ಬಿಟ್ಟು ಬಂದು ದೂರದ ನಗರಗಳಲ್ಲಿ ಬೇರು ಬಿಟ್ಟವರು ನಾವು. ಎರಡು ತಿಂಗಳು ಮಂಕಾದ ಮಾತ್ರಕ್ಕೆ ಯಾರೂ ನಮ್ಮನ್ನು ಮೆಟ್ಟಿಲ ಪಕ್ಕ ಇಡಲಿಲ್ಲವಲ್ಲ! ಗಿಡಕ್ಕೂ ಅಷ್ಟು ಅವಕಾಶ ಕೊಡೋಣ.

ನಿಮ್ಮ ಬಾಲ್ಕನಿಯ ಗಿಡಗಳ ಕಥೆಯನ್ನೂ ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇನೆ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ. ಅಲ್ಲಿಯವರೆಗೆ, ಕೇಳುತ್ತಿರಿ.